ಪುಟ ಬೇರೆ, ಲೆಕ್ಕ ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆಯ್ದುಕೊಂಡ ಆರು ಪತ್ರಗಳೂ ಒಂದೇ ವಿಷಯವನ್ನು ಕೇಳುತ್ತವೆ. ಸಣ್ಣದೊಂದು ವೆಬ್ ಅಪ್ಲಿಕೇಶನ್ ಕಟ್ಟುವಾಗ ಕಣ್ಣಿಗೆ ಕಾಣುವ ಪುಟವನ್ನೂ (ಪ್ರಸ್ತುತಿ) ಅದರ ಹಿಂದೆ ನಡೆಯುವ ಲೆಕ್ಕವನ್ನೂ (ತರ್ಕ) ಬೇರೆ ಬೇರೆ ಇಡಬೇಕು ಎನ್ನುತ್ತಾರಲ್ಲ, ಅದು ಏಕೆ ಮತ್ತು ಹೇಗೆ ಎಂಬುದು ಆ ವಿಷಯ. ಮೊದಲ ಪತ್ರದಲ್ಲಿ ನಿಜವಾದ ಬಳಕೆಯ ವಿವರಗಳು ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದ ಉತ್ತರಗಳಲ್ಲಿಯೂ ಸಾಧ್ಯವಾದಷ್ಟು ಅದೇ ಉದಾಹರಣೆಯನ್ನು ಮುಂದುವರಿಸಿದ್ದೇನೆ.

ಪ್ರಶ್ನೆ: ನಾನು ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ತಂದೆ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಅವರಿಗಾಗಿ ಪೈಥಾನ್ ಭಾಷೆ ಮತ್ತು ಅದರ ಫ್ಲಾಸ್ಕ್ ಎಂಬ ವೆಬ್ ಚೌಕಟ್ಟು ಬಳಸಿ ಒಂದು ಅಪ್ಲಿಕೇಶನ್ ಬರೆದಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಸದಸ್ಯರು ತರುವ ಹಾಲಿನ ಲೀಟರ್, ಫ್ಯಾಟ್ (ಜಿಡ್ಡು), ಸಾಂದ್ರತೆ ತೋರಿಸುವ ಲ್ಯಾಕ್ಟೋಮೀಟರ್ ಅಂಕ ಇವುಗಳನ್ನು ನಮೂದಿಸಿದರೆ ದಿನದ ಪುಟ, ಹದಿನೈದು ದಿನದ ಬಟವಾಡೆ ಪಟ್ಟಿ ಮತ್ತು ಸದಸ್ಯರಿಗೆ ಕೊಡುವ ಚೀಟಿ ಸಿದ್ಧವಾಗುತ್ತವೆ. ಎಲ್ಲವೂ ಸರಿಯಾಗಿ ನಡೆಯುತ್ತಿದೆ. ಆದರೆ ನಮ್ಮ ಅಧ್ಯಾಪಕರು ಪ್ರಸ್ತುತಿ ಮತ್ತು ತರ್ಕ ಎರಡೂ ಕಲಸಿಹೋಗಿವೆ, ಬೇರ್ಪಡಿಸಿ ತೋರಿಸು ಎಂದು ಹಿಂದಿರುಗಿಸಿದ್ದಾರೆ. ನಡೆಯುತ್ತಿರುವುದನ್ನು ಏಕೆ ಕೆಡವಬೇಕು? ಬೇರ್ಪಡಿಸುವುದಾದರೆ ಎಲ್ಲಿಂದ ಆರಂಭಿಸಬೇಕು?
– ಬಿಸಿಎ ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಅಧ್ಯಾಪಕರು ಹೇಳಿದ್ದು ಸರಿ. ಆದರೆ ಒಂದು ಕಡತವನ್ನು ಮೂರು ತುಂಡು ಮಾಡಿ ಮೂರು ಹೆಸರಿಟ್ಟರೆ ಬೇರ್ಪಡಿಸಿದಂತಾಯಿತು ಎಂದು ನೀವು ಅರ್ಥ ಮಾಡಿಕೊಂಡರೆ ಕೆಲಸ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ನಿಮ್ಮ ಅಪ್ಲಿಕೇಶನ್ನಿನಲ್ಲಿ ಹಾಲಿನ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂಬುದು ಎಷ್ಟು ಕಡೆ ಬರೆದಿದೆ ಎಂದು ಮೊದಲು ಎಣಿಸಿ ನೋಡಿ. ದಿನದ ಪುಟದಲ್ಲಿ ಒಮ್ಮೆ, ಬಟವಾಡೆ ಪಟ್ಟಿಯಲ್ಲಿ ಒಮ್ಮೆ, ಚೀಟಿಯಲ್ಲಿ ಮತ್ತೊಮ್ಮೆ, ಹೀಗೆ ಮೂರು ಕಡೆ ಅದೇ ಗುಣಾಕಾರ ಇರುವ ಸಾಧ್ಯತೆ ಹೆಚ್ಚು. ಪುಟದೊಳಗೇ ಲೆಕ್ಕವನ್ನು ಬರೆದಾಗ ಹೊಸ ಪುಟ ಬೇಕಾದಾಗಲೆಲ್ಲ ಲೆಕ್ಕವನ್ನೂ ನಕಲು ಮಾಡಬೇಕಾಗುತ್ತದೆ, ಏಕೆಂದರೆ ಅದನ್ನು ಹೊರಗಿನಿಂದ ಕರೆಯಲು ದಾರಿಯಿರುವುದಿಲ್ಲ.

ಇದರಿಂದ ಆಗುವ ಹಾನಿಯನ್ನು ನಾನು ಸ್ವತಃ ಮಾಡಿ ಕಲಿತವನು. ಬಹಳ ವರ್ಷಗಳ ಹಿಂದೆ ಒಂದು ಸಹಕಾರ ಸಂಘಕ್ಕೆ ಇಂಥದೇ ಲೆಕ್ಕದ ಅಪ್ಲಿಕೇಶನ್ ಬರೆದುಕೊಟ್ಟಿದ್ದೆ. ದರ ಪರಿಷ್ಕರಣೆಯಾದಾಗ ದಿನದ ಪುಟವನ್ನೂ ಬಟವಾಡೆ ಪಟ್ಟಿಯನ್ನೂ ತಿದ್ದಿದೆ, ಚೀಟಿಯನ್ನು ಮರೆತೆ. ಚೀಟಿಯಲ್ಲಿ ಒಂದು ಮೊತ್ತ, ಕೈಗೆ ಬಂದದ್ದು ಇನ್ನೊಂದು ಮೊತ್ತ. ವಯಸ್ಸಾದ ಸದಸ್ಯರೊಬ್ಬರು ಎರಡನ್ನೂ ಮೇಜಿನ ಮೇಲಿಟ್ಟು, ಇವೆರಡರಲ್ಲಿ ಯಾವುದು ನಿಜವೆಂದು ಕೇಳಿದರು. ವ್ಯತ್ಯಾಸ ಕೆಲವೇ ರೂಪಾಯಿಗಳದಾಗಿತ್ತು. ಆದರೆ ಹಸು ಕಟ್ಟಿ, ನಸುಕಿನಲ್ಲೆದ್ದು ಹಾಲು ಕರೆದು ತಂದವರಿಗೆ ಲೆಕ್ಕದ ಮೇಲೆ ನಂಬಿಕೆ ಹೋದರೆ ಆ ನಂಬಿಕೆಯನ್ನು ಯಾವ ತಿದ್ದುಪಡಿಯೂ ಮರಳಿ ತರುವುದಿಲ್ಲ. ಆದ್ದರಿಂದ ಈ ಬೇರ್ಪಡಿಕೆಯನ್ನು ಪ್ರಾಜೆಕ್ಟಿನ ಅಂಕಕ್ಕಾಗಿ ಮಾಡುವ ಅಲಂಕಾರವೆಂದು ತಿಳಿಯಬೇಡಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಯಾವುದು ತರ್ಕ, ಯಾವುದು ಪ್ರಸ್ತುತಿ ಎಂಬುದನ್ನು ನಿಮ್ಮ ಡೇರಿಯ ಉದಾಹರಣೆಯಲ್ಲೇ ನೋಡೋಣ. ಹಾಲಿನ ಜಿಡ್ಡೇತರ ಘನಾಂಶವನ್ನು, ಅಂದರೆ ಡೇರಿಗಳಲ್ಲಿ ಎಸ್‌ಎನ್‌ಎಫ್ ಎಂದು ಕರೆಯುವುದನ್ನು, ರಿಚ್ಮಂಡ್ ಸೂತ್ರದಿಂದ ಕಂಡುಹಿಡಿಯುವ ರೂಢಿಯಿದೆ. ಶಾಖಕ್ಕೆ ಸರಿಹೊಂದಿಸಿದ ಲ್ಯಾಕ್ಟೋಮೀಟರ್ ಅಂಕದ ಕಾಲು ಭಾಗ, ಅದಕ್ಕೆ ಫ್ಯಾಟಿನ ಐದನೆಯ ಒಂದು ಭಾಗ, ಅದರ ಮೇಲೆ ಒಂದು ಸ್ಥಿರಾಂಕ ಸೇರಿಸಿದರೆ ಉತ್ತರ ಬರುತ್ತದೆ. ಮೂಲ ಸೂತ್ರದಲ್ಲಿ ಈ ಸ್ಥಿರಾಂಕ 0.14. ಆದರೆ ಬೇರೆ ಬೇರೆ ಕಡೆ ಬೇರೆ ಬೇರೆ ಸ್ಥಿರಾಂಕಗಳು ಬಳಕೆಯಲ್ಲಿವೆ, 0.36 ಅವುಗಳಲ್ಲೊಂದು. ಈಗ ಅಂಕ 30, ಫ್ಯಾಟ್ 4.0 ಇರುವ ಹಾಲನ್ನು ತೆಗೆದುಕೊಳ್ಳಿ. ಮೊದಲ ಸ್ಥಿರಾಂಕದಿಂದ 7.5, 0.8 ಮತ್ತು 0.14 ಸೇರಿ 8.44 ಬರುತ್ತದೆ, ಎರಡನೆಯದರಿಂದ 8.66 ಬರುತ್ತದೆ. ಪೂರ್ಣ ದರಕ್ಕೆ 8.5 ಇರಬೇಕು ಎಂಬ ನಿಯಮವಿದ್ದರೆ ಅದೇ ಹಾಲು ಒಂದು ಲೆಕ್ಕದಲ್ಲಿ ಕಡಿಮೆ ದರಕ್ಕೆ ಇಳಿಯುತ್ತದೆ, ಇನ್ನೊಂದರಲ್ಲಿ ಪೂರ್ಣ ದರ ಪಡೆಯುತ್ತದೆ. ಇಷ್ಟು ಭಾರ ಹೊರುವ ಸಂಖ್ಯೆಯೊಂದು ಪುಟದ ಕೋಷ್ಟಕದ ಮಧ್ಯೆ ಅಡಗಿ ಕುಳಿತಿರಬಾರದು. ಅದು ಒಂದೇ ಜಾಗದಲ್ಲಿ, ಹೆಸರಿಟ್ಟು, ತೆರೆದ ಕಣ್ಣಿಗೆ ಕಾಣುವಂತೆ ಇರಬೇಕು.

ಈ ಸೂತ್ರ, ಈ ಮಿತಿ, ದರಪಟ್ಟಿ, ಒಬ್ಬ ಸದಸ್ಯರ ಹೆಸರಿನಲ್ಲಿ ಒಂದೇ ಹೊತ್ತಿಗೆ ಎರಡು ಬಾರಿ ಹಾಲು ನಮೂದಿಸಲು ಬಿಡಬಾರದೆಂಬ ನಿಯಮ, ಇವೆಲ್ಲವೂ ತರ್ಕ. ಕಂಬಸಾಲುಗಳ ಕ್ರಮ, ಅಕ್ಷರದ ಗಾತ್ರ, ರೂಪಾಯಿ ಚಿಹ್ನೆ, ಲಕ್ಷಕ್ಕೆ ಅಲ್ಪವಿರಾಮ ಎಲ್ಲಿ ಬೀಳಬೇಕು, ದಿನಾಂಕ ಯಾವ ರೂಪದಲ್ಲಿ ಕಾಣಬೇಕು, ಇವು ಪ್ರಸ್ತುತಿ. ಗಡಿ ತುಸು ಮಸುಕಾಗುವುದು ಪೈಸೆಯ ಲೆಕ್ಕದಲ್ಲಿ, ಅಲ್ಲಿ ಎಚ್ಚರ ಬೇಕು. ಒಂದು ಹೊತ್ತಿನ ಹಾಲಿನ ಮೊತ್ತ 101.334 ರೂಪಾಯಿ ಬಂದಿತೆನ್ನಿ. ಪುಟದಲ್ಲಿ ಅದು 101.33 ಎಂದು ಕಾಣುತ್ತದೆ. ಅಂಥ ಮೂರು ಹೊತ್ತಿನ ಮೊತ್ತವನ್ನು ಕಂಪ್ಯೂಟರ್ ಕೂಡಿದರೆ 304.002, ಅಂದರೆ ತೋರಿಸುವಾಗ 304.00. ಆದರೆ ಸದಸ್ಯರು ಚೀಟಿಯಲ್ಲಿ ಕಂಡದ್ದನ್ನು ಕೈಯಲ್ಲಿ ಕೂಡಿದರೆ 303.99. ಇಲ್ಲಿ ಒಂದು ಪೈಸೆ ಎಲ್ಲಿಂದ ಬಂತು ಎಂದು ಕೇಳಿದರೆ ನಿಮ್ಮ ಬಳಿ ಉತ್ತರವಿರಬೇಕು. ಯಾವ ಹಂತದಲ್ಲಿ ಪೈಸೆಗೆ ಹೊಂದಿಸಬೇಕು ಎಂಬುದು ಸಂಘದ ನಿರ್ಧಾರ, ಆದ್ದರಿಂದ ಅದು ತರ್ಕ. ಹೊಂದಿಸಿದ ಮೊತ್ತವನ್ನು ಯಾವ ರೂಪದಲ್ಲಿ ಬರೆಯಬೇಕು ಎಂಬುದು ಮಾತ್ರ ಪ್ರಸ್ತುತಿ. ಪೈಥಾನಿನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಎಂದು ಬರುವುದನ್ನು ನೀವು ನೋಡಿರಬಹುದು. ಹಣವನ್ನು ದಶಮಾಂಶದಲ್ಲಿ ಇಡದೆ ಪೂರ್ಣಾಂಕ ಪೈಸೆಗಳಲ್ಲಿ ಇಟ್ಟುಕೊಳ್ಳುವುದು ಇದಕ್ಕೆ ಸುಲಭವಾದ ಪರಿಹಾರ.

ಈಗ ಕಟ್ಟುವ ಕ್ರಮಕ್ಕೆ ಬರೋಣ. ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಲು ಹೋಗಬೇಡಿ. ಹಾಲಿನ ಮೊತ್ತ ಕಂಡುಹಿಡಿಯುವ ಒಂದೇ ಫಂಕ್ಷನ್ನನ್ನು ಪ್ರತ್ಯೇಕ ಕಡತದಲ್ಲಿ ಬರೆಯಿರಿ. ಅದಕ್ಕೆ ಲೀಟರ್, ಫ್ಯಾಟ್, ಅಂಕ, ಆ ದಿನದ ದರಪಟ್ಟಿ ಇಷ್ಟನ್ನು ಕೊಟ್ಟರೆ ಅದು ಪೈಸೆಗಳಲ್ಲಿ ಒಂದು ಸಂಖ್ಯೆಯನ್ನು ಹಿಂದಿರುಗಿಸಬೇಕು. ಆ ಕಡತದಲ್ಲಿ ಫ್ಲಾಸ್ಕಿನ ಹೆಸರೇ ಬರಕೂಡದು, ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಒಂದು ಟ್ಯಾಗ್ ಕೂಡ ಇರಕೂಡದು, ಡೇಟಾಬೇಸಿನ ಕರೆಯೂ ಬೇಡ. ಬಳಿಕ ಮೂರು ಪುಟಗಳಲ್ಲಿದ್ದ ಗುಣಾಕಾರವನ್ನು ಒಂದೊಂದಾಗಿ ತೆಗೆದು ಈ ಫಂಕ್ಷನ್ನಿನ ಉತ್ತರವನ್ನೇ ತೋರಿಸುವಂತೆ ಮಾಡಿ. ಮೂರೂ ಬದಲಾದ ಮೇಲೆ ಹಳೆಯ ಬಟವಾಡೆ ಪಟ್ಟಿಯೊಂದನ್ನು ಹೊಸದರೊಂದಿಗೆ ಸಾಲು ಸಾಲಾಗಿ ತಾಳೆ ನೋಡಿ. ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. ಹಳೆಯ ಮೂರು ನಕಲುಗಳಲ್ಲಿ ಯಾವುದೋ ಒಂದು ಮೊದಲೇ ತಪ್ಪಿತ್ತೆಂದು ಆಗ ತಿಳಿಯುವುದುಂಟು.

ಇನ್ನೊಂದು ಕಡತ ಡೇಟಾಬೇಸಿಗಾಗಿ ಇರಲಿ. ನಿಮ್ಮ ಸಂಘದಷ್ಟು ದೊಡ್ಡ ಕೆಲಸಕ್ಕೆ ಎಸ್‌ಕ್ಯೂಲೈಟ್ ಎಂಬ ಸಣ್ಣ ಡೇಟಾಬೇಸ್ ಧಾರಾಳವಾಗಿ ಸಾಕು. ಅದು ಪೈಥಾನಿನ ಜೊತೆಯಲ್ಲೇ ಬರುತ್ತದೆ, ಅದಕ್ಕೆ ಪ್ರತ್ಯೇಕ ಸರ್ವರ್ ಬೇಕಾಗುವುದಿಲ್ಲ, ದಾಖಲೆಯೆಲ್ಲ ಒಂದೇ ಕಡತದಲ್ಲಿರುತ್ತದೆ. ಈ ಕಡತದ ಫಂಕ್ಷನ್ನುಗಳು ಬರೆಯುವುದು ಮತ್ತು ಓದುವುದು ಎರಡನ್ನೇ ಮಾಡಲಿ, ಬೆಲೆ ಕಟ್ಟುವ ಗೋಜಿಗೆ ಹೋಗುವುದು ಬೇಡ. ಮೂರನೆಯದು ಫ್ಲಾಸ್ಕಿನ ಮಾರ್ಗಗಳು. ಬ್ರೌಸರಿನಿಂದ ಬಂದ ಕೋರಿಕೆಯನ್ನು ಪಡೆದು, ಅಂಕಿಗಳು ನಿಜವಾಗಿ ಅಂಕಿಗಳೇ ಎಂದು ನೋಡಿ, ಲೆಕ್ಕದ ಫಂಕ್ಷನ್ನನ್ನು ಕರೆದು, ಉತ್ತರವನ್ನು ಉಳಿಸಲು ಹೇಳಿ, ಯಾವ ಪುಟ ತೋರಿಸಬೇಕೆಂದು ನಿರ್ಧರಿಸುವುದಷ್ಟೇ ಇವುಗಳ ಕೆಲಸ. ಒಂದು ಮಾರ್ಗದ ಫಂಕ್ಷನ್ ಹತ್ತು ಹನ್ನೆರಡು ಸಾಲು ಮೀರಿತೆಂದರೆ ಒಳಗೆ ಯಾವುದೋ ನಿಯಮ ನುಸುಳಿದೆಯೆಂದು ನಾನು ಅನುಮಾನಪಡುತ್ತೇನೆ, ಆ ಅನುಮಾನ ನಿಜವಾಗುವುದೇ ಹೆಚ್ಚು. ನಾಲ್ಕನೆಯದು ಟೆಂಪ್ಲೇಟ್ಸ್ ಎಂಬ ಫೋಲ್ಡರಿನಲ್ಲಿರುವ ಪುಟಗಳು. ಫ್ಲಾಸ್ಕ್ ಬಳಸುವ ಜಿಂಜಾ ಎಂಬ ಟೆಂಪ್ಲೇಟ್ ವ್ಯವಸ್ಥೆ ಮಾರ್ಗದಿಂದ ಬಂದ ಮೌಲ್ಯಗಳನ್ನು ಈ ಪುಟಗಳ ಖಾಲಿ ಜಾಗಗಳಲ್ಲಿ ತುಂಬುತ್ತದೆ.

ನಮೂದಿನ ಪುಟದಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಿ. ಹಾಲನ್ನು ಉಳಿಸಿದ ಕೂಡಲೇ ಅದೇ ಉತ್ತರದಲ್ಲಿ ಪುಟವನ್ನು ತೋರಿಸಿದರೆ, ನಿಮ್ಮ ತಂದೆಯವರು ರಿಫ್ರೆಶ್ ಒತ್ತಿ ಬ್ರೌಸರಿನ ಎಚ್ಚರಿಕೆಗೆ ಒಪ್ಪಿಗೆ ಕೊಟ್ಟಾಗ ಅದೇ ನಮೂದು ಮತ್ತೊಮ್ಮೆ ಸರ್ವರಿಗೆ ಹೋಗುತ್ತದೆ. ಉಳಿಸಿದ ನಂತರ 303 ಎಂಬ ಸಂಕೇತದೊಂದಿಗೆ ಬೇರೆ ವಿಳಾಸಕ್ಕೆ ಕಳುಹಿಸಿ, ಪುಟವನ್ನು ಅಲ್ಲಿ ತೋರಿಸಿದರೆ ರಿಫ್ರೆಶ್ ಮಾಡಿದಾಗ ಪುಟವಷ್ಟೇ ಮತ್ತೆ ಬರುತ್ತದೆ. ಇಷ್ಟು ಮಾಡಿದರೂ ಎರಡು ಬಾರಿಯ ನಮೂದನ್ನು ತಡೆಯುವ ನಿಯಮ ತರ್ಕದಲ್ಲಿಯೂ ಡೇಟಾಬೇಸಿನಲ್ಲಿಯೂ ಇರಲೇಬೇಕು, ಏಕೆಂದರೆ ಗುಂಡಿಯನ್ನು ಎರಡು ಸಲ ಒತ್ತುವ ಬೆರಳನ್ನು ಯಾವ ಪುಟವೂ ಪೂರ್ತಿಯಾಗಿ ತಡೆಯಲಾರದು.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಬ್ರೌಸರ್ ಮುಚ್ಚಿ, ಸರ್ವರ್ ನಿಲ್ಲಿಸಿ, ಪೈಥಾನನ್ನು ಮಾತ್ರ ತೆರೆದು 6.5 ಲೀಟರ್, 4.0 ಫ್ಯಾಟ್, 30 ಅಂಕ ಎಂದು ಕೊಟ್ಟು ಮೊತ್ತ ಕೇಳಿ. ಉತ್ತರ ಬಂದರೆ ನಿಮ್ಮ ಲೆಕ್ಕ ಪುಟವಿಲ್ಲದೆಯೂ ನಿಲ್ಲಬಲ್ಲದು ಎಂದರ್ಥ. ನಾಳೆ ಮೊತ್ತವನ್ನು ಎಸ್‌ಎಂಎಸ್ ಮೂಲಕ ಕಳುಹಿಸಬೇಕೆಂದು ಸಂಘದವರು ಕೇಳಿದರೆ ಹೊಸದಾಗಿ ಬರೆಯಬೇಕಾದದ್ದು ಎಸ್‌ಎಂಎಸ್‌ನ ಸಾಲುಗಳು ಮಾತ್ರ. ಜೊತೆಗೆ ನಿಮ್ಮ ತಂದೆಯವರಿಂದ ಕೈಬರಹದ ಲೆಕ್ಕವಿರುವ ಹತ್ತು ಹಳೆಯ ನಮೂದುಗಳನ್ನು ಪಡೆದು, ಅವುಗಳ ಉತ್ತರವನ್ನು ಸ್ವಯಂಚಾಲಿತ ಪರೀಕ್ಷೆಯಾಗಿ ಬರೆದಿಟ್ಟುಕೊಳ್ಳಿ. ದರ ಬದಲಾದಾಗ ಹೊಸ ದರವನ್ನು ಅದು ಜಾರಿಗೆ ಬರುವ ದಿನಾಂಕದ ಸಮೇತ ಸೇರಿಸಿ, ಹಳೆಯದನ್ನು ಅಳಿಸಬೇಡಿ. ಕಳೆದ ತಿಂಗಳ ಚೀಟಿಯನ್ನು ಇಂದು ಮತ್ತೆ ಮುದ್ರಿಸಿದರೂ ಕಳೆದ ತಿಂಗಳ ಮೊತ್ತವೇ ಬರಬೇಕು.

ಪ್ರಶ್ನೆ: ಟೆಂಪ್ಲೇಟಿನಲ್ಲಿ ತರ್ಕ ಇರಲೇಬಾರದು ಎಂದು ಓದಿದ್ದೇನೆ. ಆದರೆ ಜಿಂಜಾದಲ್ಲಿ ಇಫ್ ಕೂಡ ಇದೆ, ಫಾರ್ ಕೂಡ ಇದೆ. ಇವುಗಳನ್ನು ಬಳಸಿದರೆ ತಪ್ಪೇ?
– ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕರು, ಧಾರವಾಡ

ಉತ್ತರ: ತಪ್ಪಲ್ಲ. ಸದಸ್ಯರ ಪಟ್ಟಿಯನ್ನು ಸಾಲು ಸಾಲಾಗಿ ತೋರಿಸಲು ಫಾರ್ ಬೇಕು, ಪಟ್ಟಿ ಖಾಲಿಯಿದ್ದಾಗ ಇನ್ನೂ ಯಾರೂ ಹಾಲು ಹಾಕಿಲ್ಲ ಎಂದು ಬರೆಯಲು ಇಫ್ ಬೇಕು. ಇವು ತೋರಿಸುವಿಕೆಗೆ ಸಂಬಂಧಪಟ್ಟ ತೀರ್ಮಾನಗಳು. ಈ ಗಡಿಯನ್ನು ಬಹಳ ಕಟ್ಟುನಿಟ್ಟಾಗಿ ಗೆರೆ ಎಳೆದು ತೋರಿಸಿದವರು ಟೆಂಪ್ಲೇಟ್ ವ್ಯವಸ್ಥೆಯೊಂದನ್ನು ರೂಪಿಸಿದ ಟೆರೆನ್ಸ್ ಪಾರ್. ಅವರು 2004ರ ಪ್ರಬಂಧವೊಂದರಲ್ಲಿ ಟೆಂಪ್ಲೇಟ್ ಮೂಲ ದತ್ತಾಂಶವನ್ನು ಬದಲಿಸಬಾರದು, ಅದರ ಮೇಲೆ ಗಣಿತ ಮಾಡಬಾರದು, ಮೌಲ್ಯಗಳನ್ನು ಹೋಲಿಸಿ ನಿರ್ಣಯಿಸಬಾರದು ಎಂದರು. ಅಷ್ಟೇ ಮುಖ್ಯವಾದ ಇನ್ನೊಂದು ಮಾತನ್ನೂ ಹೇಳಿದರು: ತರ್ಕದ ಕಡೆಯಿಂದ ಬರುವ ದತ್ತಾಂಶದಲ್ಲಿ ತೋರಿಕೆಯ ವಿವರ ಇರಬಾರದು. ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ ಎಂಬುದನ್ನು ನಾವು ಅನೇಕ ಸಲ ಮರೆಯುತ್ತೇವೆ.

ಡೇರಿಯ ಪುಟವನ್ನೇ ನೋಡಿ. ಫ್ಯಾಟ್ 3.5ಕ್ಕಿಂತ ಕಡಿಮೆಯಿದ್ದರೆ ಸಾಲನ್ನು ಕೆಂಪಾಗಿ ತೋರಿಸು ಎಂದು ಟೆಂಪ್ಲೇಟಿನಲ್ಲಿ ಬರೆದರೆ ಸಂಘದ ಗುಣಮಟ್ಟದ ಮಿತಿ ಬಣ್ಣದ ನೆಪದಲ್ಲಿ ಪುಟದೊಳಗೆ ಸೇರಿಹೋಗುತ್ತದೆ. ಅದನ್ನು ತಪ್ಪಿಸಲೆಂದು ತರ್ಕದ ಫಂಕ್ಷನ್ನಿನಿಂದಲೇ ಕೆಂಪು ಎಂಬ ಪದವನ್ನು ಕಳುಹಿಸಿದರೆ ಬಣ್ಣದ ಆಯ್ಕೆ ಲೆಕ್ಕದೊಳಗೆ ಬಂದು ಕೂರುತ್ತದೆ. ತರ್ಕವು ಈ ಹಾಲು ಮಿತಿಗಿಂತ ಕೆಳಗಿದೆ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಲಿ. ಹೌದಾದರೆ ಕೆಂಪು ಬಳಸಬೇಕೋ ನಕ್ಷತ್ರ ಚಿಹ್ನೆ ಹಾಕಬೇಕೋ ಎಂಬುದನ್ನು ಪುಟ ತೀರ್ಮಾನಿಸಲಿ. ಕಪ್ಪು ಬಿಳುಪು ಪ್ರಿಂಟರಿನ ಚೀಟಿಯಲ್ಲಿ ಕೆಂಪಿಗೆ ಅರ್ಥವಿಲ್ಲ ಎಂಬುದನ್ನು ನೆನೆದರೆ ಈ ವಿಂಗಡಣೆ ಏಕೆ ಬೇಕೆಂದು ವಿದ್ಯಾರ್ಥಿಗಳಿಗೆ ತಾನಾಗಿ ಹೊಳೆಯುತ್ತದೆ.

ಟೆಂಪ್ಲೇಟಿನೊಳಗಿನ ಫಾರ್ ಬಗ್ಗೆ ಒಂದು ಎಚ್ಚರಿಕೆ. 140 ಸದಸ್ಯರ ಪಟ್ಟಿಯಲ್ಲಿ ಪ್ರತಿ ಸಾಲು ಬರೆಯುವಾಗಲೂ ಆ ಸದಸ್ಯರ ಬಾಕಿಗಾಗಿ ಡೇಟಾಬೇಸನ್ನು ಕೇಳುವಂತಾದರೆ, ಪಟ್ಟಿಗೆ ಒಂದು ಮತ್ತು ಬಾಕಿಗೆ 140, ಒಟ್ಟು 141 ಪ್ರಶ್ನೆಗಳು ಡೇಟಾಬೇಸಿಗೆ ಹೋಗುತ್ತವೆ. ಟೆಂಪ್ಲೇಟ್ ಓದಿದವರಿಗೆ ಅಲ್ಲಿ ಕಾಣುವುದು ಸದಸ್ಯ.ಬಾಕಿ ಎಂಬಂತೆ ಒಂದು ಚುಕ್ಕಿ ಮತ್ತು ಒಂದು ಹೆಸರು ಮಾತ್ರ. ಪುಟಕ್ಕೆ ಬೇಕಾದುದೆಲ್ಲವನ್ನೂ ಮಾರ್ಗದಲ್ಲೇ ಒಟ್ಟಿಗೆ ಸಂಗ್ರಹಿಸಿ ಕೊಡುವ ಅಭ್ಯಾಸ ಇಟ್ಟುಕೊಂಡರೆ ಈ ನಿಧಾನಗತಿ ಹತ್ತಿರ ಸುಳಿಯುವುದಿಲ್ಲ.

ಪ್ರಶ್ನೆ: ಎಂವಿಸಿ (ಮಾಡೆಲ್, ವ್ಯೂ, ಕಂಟ್ರೋಲರ್) ವಿಂಗಡಣೆಯಲ್ಲಿ ವ್ಯೂ ಎಂದರೆ ಕಾಣುವ ಪುಟ. ಪೈಥಾನಿನ ಇನ್ನೊಂದು ವೆಬ್ ಚೌಕಟ್ಟಾದ ಜಾಂಗೋದಲ್ಲಿ ವ್ಯೂ ಎಂದರೆ ಪೈಥಾನ್ ಫಂಕ್ಷನ್. ಯಾವುದು ಸರಿ?
– ಎಂಸಿಎ ವಿದ್ಯಾರ್ಥಿ, ಮಂಗಳೂರು

ಉತ್ತರ: ಎರಡೂ ತಮ್ಮ ತಮ್ಮ ಮನೆಯಲ್ಲಿ ಸರಿ. ಮಾಡೆಲ್ (ದತ್ತಾಂಶ), ವ್ಯೂ (ತೋರಿಕೆ), ಕಂಟ್ರೋಲರ್ (ಬಳಸುವವರ ಆದೇಶ ಪಡೆಯುವ ಭಾಗ) ಎಂಬ ವಿಂಗಡಣೆಯನ್ನು ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಅವರು 1979ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಗಾಗಿ ರೂಪಿಸಿದರು. ಆಗ ವೆಬ್ ಇರಲೇ ಇಲ್ಲ. ಒಂದೇ ಕಂಪ್ಯೂಟರಿನ ಪರದೆಯ ಮೇಲೆ ಬದಲಾಗುತ್ತಿರುವ ದತ್ತಾಂಶವನ್ನು ಹಲವು ರೂಪಗಳಲ್ಲಿ ತೋರಿಸುವ ಸಮಸ್ಯೆ ಅವರ ಮುಂದಿತ್ತು. ಕೋರಿಕೆ ಮತ್ತು ಉತ್ತರಗಳ ಮೂಲಕ ನಡೆಯುವ ವೆಬ್ಬಿಗೆ ಅದನ್ನು ಒಗ್ಗಿಸಿಕೊಂಡಾಗ ಹೆಸರುಗಳು ಅಲ್ಲಿಲ್ಲಿ ಸರಿದವು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಬಿಡುಗಡೆಯಾದ ಜಾಂಗೋ, ಯಾವ ದತ್ತಾಂಶ ಕಾಣಬೇಕು ಎನ್ನುವುದನ್ನು ವ್ಯೂ ಎಂದೂ ಅದು ಹೇಗೆ ಕಾಣಬೇಕು ಎನ್ನುವುದನ್ನು ಟೆಂಪ್ಲೇಟ್ ಎಂದೂ ಕರೆಯುತ್ತದೆ. ಪರೀಕ್ಷೆಯಲ್ಲಿ ಪಠ್ಯದ ಹೆಸರನ್ನು ಬರೆಯಿರಿ, ಕೆಲಸದಲ್ಲಿ ಬಳಸುವ ಚೌಕಟ್ಟಿನ ಹೆಸರನ್ನು ಬಳಸಿ.

ಪ್ರಶ್ನೆ: ನಾವು ಮುಂಭಾಗಕ್ಕೆ, ಅಂದರೆ ಬ್ರೌಸರಿನಲ್ಲಿ ಕಾಣುವ ಭಾಗಕ್ಕೆ, ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸುತ್ತೇವೆ, ಸರ್ವರ್ ಜೇಸನ್ ರೂಪದ ದತ್ತಾಂಶ ಮಾತ್ರ ಕೊಡುತ್ತದೆ. ಎರಡೂ ಬೇರೆ ಬೇರೆ ಯಂತ್ರಗಳಲ್ಲಿ ನಡೆಯುವುದರಿಂದ ಬೇರ್ಪಡಿಕೆ ತಾನಾಗಿಯೇ ಆಗಿದೆಯಲ್ಲವೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಆಗಿರಬಹುದು, ಆಗದೆಯೂ ಇರಬಹುದು. ಸರ್ವರಿನಿಂದ ಬಂದ ಲೀಟರ್, ಫ್ಯಾಟ್, ದರಗಳನ್ನು ರಿಯಾಕ್ಟಿನ ಘಟಕವೊಂದು ಗುಣಿಸಿ ಮೊತ್ತ ತೋರಿಸುತ್ತಿದ್ದರೆ, ಮೊದಲ ಪತ್ರದ ವಿದ್ಯಾರ್ಥಿನಿಯ ತೊಂದರೆಯೇ ಎರಡು ಯಂತ್ರಗಳಿಗೂ ಎರಡು ಭಾಷೆಗಳಿಗೂ ಹರಡಿದೆಯೆಂದು ತಿಳಿಯಬೇಕು. ಭಾಷೆ ಬೇರೆಯಾದಾಗ ಸಣ್ಣ ವ್ಯತ್ಯಾಸಗಳು ಬಹಳ ಕಾಡುತ್ತವೆ. ಪೈಥಾನ್ 3ರ ರೌಂಡ್ ಫಂಕ್ಷನ್ 2.5 ಅನ್ನು 2 ಎನ್ನುತ್ತದೆ, ಏಕೆಂದರೆ ಸರಿಯಾಗಿ ಅರ್ಧ ಬಂದಾಗ ಅದು ಸಮಸಂಖ್ಯೆಯ ಕಡೆಗೆ ವಾಲುತ್ತದೆ. ಜಾವಾಸ್ಕ್ರಿಪ್ಟಿನ ಮ್ಯಾಥ್ ರೌಂಡ್ ಅದೇ 2.5 ಅನ್ನು 3 ಎನ್ನುತ್ತದೆ. ಎರಡೂ ತಮ್ಮ ದಾಖಲೆಯಲ್ಲಿ ಬರೆದಂತೆಯೇ ನಡೆದುಕೊಳ್ಳುತ್ತವೆ. ಆದರೆ ಪರದೆಯ ಮೊತ್ತ ಮತ್ತು ಬ್ಯಾಂಕಿಗೆ ಹೋದ ಮೊತ್ತ ಬೇರೆಯಾದಾಗ ಆ ದಾಖಲೆ ಯಾರ ಸಮಾಧಾನಕ್ಕೂ ಬರುವುದಿಲ್ಲ.

ಬ್ರೌಸರಿನಲ್ಲಿ ಏನನ್ನೂ ಲೆಕ್ಕ ಹಾಕಬಾರದು ಎಂದು ನಾನು ಹೇಳುತ್ತಿಲ್ಲ. ನಮೂದಿಸುವಾಗಲೇ ಫ್ಯಾಟ್ 40 ಎಂದು ಒತ್ತಿದ್ದೀರಿ, 4.0 ಇರಬೇಕೇ ಎಂದು ಪುಟವೇ ಕೇಳಿದರೆ ಅದು ಬಳಸುವವರಿಗೆ ದೊಡ್ಡ ಉಪಕಾರ. ಆದರೆ ಆ ತಪಾಸಣೆ ಸೌಕರ್ಯಕ್ಕಾಗಿ. ಬ್ರೌಸರಿಗೆ ಹೋದ ಕೋಡನ್ನು ಯಾರು ಬೇಕಾದರೂ ಬದಲಿಸಿ ಬೇಕಾದ ಸಂಖ್ಯೆಯನ್ನು ಸರ್ವರಿಗೆ ಕಳುಹಿಸಬಲ್ಲರಾದ್ದರಿಂದ ಅಂತಿಮ ತಪಾಸಣೆಯೂ ಅಂತಿಮ ಮೊತ್ತವೂ ಸರ್ವರಿನದೇ ಆಗಿರಬೇಕು.

ಹಳ್ಳಿಯ ಸಂಘವೊಂದರ ನಾಲ್ಕು ಪುಟಗಳಿಗೆ ರಿಯಾಕ್ಟ್ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಸರ್ವರಿನಲ್ಲೇ ತುಂಬಿ ಕಳುಹಿಸಿದ ಸರಳ ಎಚ್‌ಟಿಎಂಎಲ್ ಪುಟ ಹಳೆಯ ಫೋನಿನಲ್ಲಿಯೂ ನೆಟ್‌ವರ್ಕ್ ಬಂದು ಹೋಗುವ ಜಾಗದಲ್ಲಿಯೂ ತೆರೆಯುತ್ತದೆ. ಬರೆದವರು ಊರು ಬಿಟ್ಟು ಹೋದ ಮೇಲೂ ಇನ್ನೊಬ್ಬರು ಅದನ್ನು ಓದಿ ತಿದ್ದಬಹುದು.

ಪ್ರಶ್ನೆ: ನಮ್ಮ ಕನ್ನಡ ಕೂಟದ ಸದಸ್ಯತ್ವದ ಅಪ್ಲಿಕೇಶನ್ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬೇಕು. ನಮ್ಮ ಮಕ್ಕಳಲ್ಲಿ ಕೆಲವರು ಕನ್ನಡ ಓದಲಾರರು. ಈಗ ಫಂಕ್ಷನ್ನುಗಳು ಇಂಗ್ಲಿಷ್ ವಾಕ್ಯಗಳನ್ನೇ ಹಿಂದಿರುಗಿಸುತ್ತಿವೆ. ಕನ್ನಡಕ್ಕೆ ತಿರುಗಿಸಲು ಹೋದರೆ ವಾಕ್ಯಗಳು ಬಹಳ ಕೃತಕವಾಗುತ್ತಿವೆ.
– ದುಬೈಯಲ್ಲಿರುವ ಕನ್ನಡಿಗರು

ಉತ್ತರ: ನಿಮ್ಮ ಪತ್ರ ನನಗೆ ವಿಶೇಷವಾಗಿ ಇಷ್ಟವಾಯಿತು. ಪ್ರಸ್ತುತಿಯನ್ನು ಬೇರೆಯಿಡುವುದರ ಬೆಲೆ ಎರಡನೆಯ ಭಾಷೆ ಬಂದಾಗ ತಿಳಿಯುವಷ್ಟು ಸ್ಪಷ್ಟವಾಗಿ ಬೇರೆ ಯಾವಾಗಲೂ ತಿಳಿಯುವುದಿಲ್ಲ. ತರ್ಕದ ಫಂಕ್ಷನ್ ವಾಕ್ಯವನ್ನು ಹಿಂದಿರುಗಿಸಕೂಡದು. ಚಂದಾ ಅವಧಿ ಮುಗಿದಿದೆ ಎಂಬುದಕ್ಕೆ ಒಂದು ಸಂಕೇತ, ಮುಗಿದ ದಿನಾಂಕ, ಬಾಕಿಯಿರುವ ಮೊತ್ತ ಇಷ್ಟನ್ನು ಕೊಟ್ಟರೆ ಸಾಕು. ಅದನ್ನು ಯಾವ ಭಾಷೆಯಲ್ಲಿ, ಯಾವ ಮರ್ಯಾದೆಯ ಮಾತಿನಲ್ಲಿ ಹೇಳಬೇಕೆಂಬುದು ಪುಟದ ಹೊಣೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಉಳಿಸಿಟ್ಟು, ತೋರಿಸುವಾಗ ಮಾತ್ರ ಭಾಷೆಗೆ ತಕ್ಕ ರೂಪ ಕೊಡಿ.

ವಾಕ್ಯಗಳು ಕೃತಕವಾಗುವುದಕ್ಕೆ ಕಾರಣ ಅವುಗಳನ್ನು ತುಂಡು ತುಂಡಾಗಿ ಅಂಟಿಸುತ್ತಿರುವುದೇ ಇರಬೇಕು. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ಒಂದು ಪದವಿಟ್ಟರೆ ಸಂಬಂಧ ತಿಳಿಯುತ್ತದೆ, ಹೆಸರು ಬದಲಾಗುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಳ್ಳುತ್ತದೆ, ಅಂಟಿಕೊಳ್ಳುವ ರೀತಿಯೂ ಹೆಸರಿಗೆ ತಕ್ಕಂತೆ ಬದಲಾಗುತ್ತದೆ. ಮೈಸೂರಿಗೆ, ಹಾಸನಕ್ಕೆ, ಶಿರಸಿಗೆ, ಮಂಡ್ಯಕ್ಕೆ ಎಂದು ನಾವು ಯೋಚಿಸದೆ ಹೇಳುತ್ತೇವೆ. ಊರಿನ ಹೆಸರು ತುಂಬುವ ಖಾಲಿ ಜಾಗದ ಪಕ್ಕದಲ್ಲಿ ಕ್ಕೆ ಎಂದು ಅಚ್ಚು ಹಾಕಿಟ್ಟರೆ ಮೈಸೂರುಕ್ಕೆ ಎಂಬಂಥ ರೂಪಗಳು ಬಂದು ಕೂಟದ ಹಿರಿಯರು ಬೇಸರಪಡುವುದು ಖಂಡಿತ. ಇದಕ್ಕೆ ವ್ಯಾಕರಣದ ಕೋಡ್ ಬರೆಯಲು ಹೊರಡಬೇಡಿ. ವಾಕ್ಯವನ್ನೇ ಬೇರೆ ರೀತಿಯಲ್ಲಿ ಕಟ್ಟಿ. ವ್ಯಕ್ತಿಯ ಹೆಸರಿನ ನಂತರ ಅವರಿಗೆ, ಅವರಿಂದ, ಅವರ ಎಂಬ ಪದವನ್ನು ಬಿಡಿಯಾಗಿ ಇಟ್ಟರೆ ಹೆಸರು ಹಾಗೆಯೇ ಉಳಿಯುತ್ತದೆ, ಗೌರವವೂ ಸಲ್ಲುತ್ತದೆ. ಊರಿನ ಹೆಸರಿನ ನಂತರ ನಗರಕ್ಕೆ ಎಂದೋ, ಊರು ಎಂಬ ಶೀರ್ಷಿಕೆಯ ಮುಂದೆ ಹೆಸರನ್ನೋ ಬರೆದರೆ ಸಾಕು. ಸಂಖ್ಯೆಯಲ್ಲಿಯೂ ಇಂಥದೇ ತೊಡಕಿದೆ. ಎರಡು ಲೀಟರ್, ಐದು ಕಿಲೋ ಎಂಬಲ್ಲಿ ಬಹುವಚನದ ಅಗತ್ಯ ಬೀಳದು, ಆದರೆ ಜನರನ್ನು ಎಣಿಸುವಾಗ ಒಬ್ಬ, ಇಬ್ಬರು, ಮೂವರು ಎಂದು ಪದವೇ ಬದಲಾಗುತ್ತದೆ. ಸದಸ್ಯರ ಸಂಖ್ಯೆ ಎಂಬ ಶೀರ್ಷಿಕೆ ಕೊಟ್ಟು ಅಂಕಿಯನ್ನು ಮುಂದಿಟ್ಟರೆ ಈ ಕಷ್ಟವೂ ತಪ್ಪುತ್ತದೆ.

ಅನುವಾದದ ಕಡತದಲ್ಲಿ ಯಾವಾಗಲೂ ಪೂರ್ಣ ವಾಕ್ಯಗಳನ್ನೇ ಇಡಿ, ಬಿಡಿ ಪದಗಳನ್ನು ಇಡಬೇಡಿ. ಗೆಟ್‌ಟೆಕ್ಸ್ಟ್ ಎಂಬ ಹಳೆಯ, ಗಟ್ಟಿಮುಟ್ಟಾದ ವ್ಯವಸ್ಥೆ ಇದೇ ರೀತಿಯಲ್ಲಿ ಕೆಲಸ ಮಾಡುತ್ತದೆ. ಖಾಲಿ ಜಾಗಗಳಿಗೆ ಹೆಸರಿದ್ದರೆ ಅನುವಾದ ಮಾಡುವವರು ಅವುಗಳನ್ನು ಕನ್ನಡದ ಪದಕ್ರಮಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಸಬಹುದು. ಆ ಕಡತವನ್ನು ಪ್ರೋಗ್ರಾಮಿಂಗ್ ಗೊತ್ತಿಲ್ಲದ, ಆದರೆ ಕನ್ನಡ ಚೆನ್ನಾಗಿ ಬರುವ ನಿಮ್ಮ ಕೂಟದ ಹಿರಿಯರೊಬ್ಬರಿಗೆ ಕೊಡಿ. ಲೆಕ್ಕದ ಕೋಡನ್ನು ಮುಟ್ಟದೆಯೇ ಅವರು ಮಾತನ್ನು ತಿದ್ದಿಕೊಡಬಲ್ಲರು.

ಸಣ್ಣದೊಂದು ಸೇರ್ಪಡೆ. ಪೈಥಾನ್ 3ರಲ್ಲಿ ಫಂಕ್ಷನ್ನುಗಳಿಗೆ ಕನ್ನಡದಲ್ಲೇ ಹೆಸರಿಡಲು ಅವಕಾಶವಿದೆ. ಮಕ್ಕಳಿಗೆ ಕಲಿಸುವಾಗ ನಾನು ಮೊತ್ತ, ಚಂದಾ ಎಂದೇ ಹೆಸರಿಡಿಸುತ್ತೇನೆ. ಒಂದೇ ತೊಡಕೆಂದರೆ ಲೀಟರ್‌ಗಳು ಎಂಬಂಥ ಪದದಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಬಳಸುವ ಕಾಣದ ಅಕ್ಷರವನ್ನು ಹೆಸರುಗಳಲ್ಲಿ ಪೈಥಾನ್ ಒಪ್ಪುವುದಿಲ್ಲ, ಆದ್ದರಿಂದ ಅಂಥ ಪದಗಳನ್ನು ಬಿಟ್ಟು ಬೇರೆ ಪದ ಆರಿಸಿಕೊಳ್ಳಬೇಕು.

ಪ್ರಶ್ನೆ: ಸದಸ್ಯರ ಹೆಸರಿನ ಜಾಗದಲ್ಲಿ ಯಾರೋ ಎಚ್‌ಟಿಎಂಎಲ್ ಟ್ಯಾಗ್ ಬರೆದು ಉಳಿಸಿದ್ದರಿಂದ ಪುಟ ಕೆಟ್ಟುಹೋಯಿತು. ಡೇಟಾಬೇಸಿಗೆ ಹಾಕುವ ಮೊದಲೇ ಇಂಥ ಚಿಹ್ನೆಗಳನ್ನು ಬ್ರೌಸರ್ ಟ್ಯಾಗ್ ಎಂದು ತಿಳಿಯದ ರೂಪಕ್ಕೆ ಪರಿವರ್ತಿಸಿಬಿಡಬೇಕೇ?
– ಪಂಚಾಯಿತಿ ಗ್ರಂಥಾಲಯಕ್ಕೆ ಅಪ್ಲಿಕೇಶನ್ ಬರೆಯುತ್ತಿರುವ ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಬೇಡ. ಹೆಸರನ್ನು ಬರೆದಂತೆಯೇ ಉಳಿಸಿ, ತೋರಿಸುವ ಕ್ಷಣದಲ್ಲಿ ಪರಿವರ್ತಿಸಿ. ಎಚ್‌ಟಿಎಂಎಲ್ ಪುಟಕ್ಕೆ ಒಂದು ಬಗೆಯ ಪರಿವರ್ತನೆ ಬೇಕು, ಎಕ್ಸೆಲ್ಲಿನಲ್ಲಿ ತೆರೆಯುವ ಕಡತಕ್ಕೆ ಇನ್ನೊಂದು ಬಗೆಯದು, ಎಸ್‌ಎಂಎಸ್‌ಗೆ ಯಾವುದೂ ಬೇಡ. ಮೊದಲೇ ಪರಿವರ್ತಿಸಿ ಉಳಿಸಿದರೆ ಆ್ಯಂಪರ್ಸಂಡ್ ಚಿಹ್ನೆಯಿರುವ ಹೆಸರು ಚೀಟಿಯಲ್ಲಿ ಅರ್ಥವಾಗದ ಅಕ್ಷರಗಳಾಗಿ ಅಚ್ಚಾಗುತ್ತದೆ. ಅಂದರೆ ಈ ರಕ್ಷಣೆ ಪ್ರಸ್ತುತಿಯ ಕೆಲಸ. ಫ್ಲಾಸ್ಕಿನಲ್ಲಿ ಎಚ್‌ಟಿಎಂಎಲ್ ಎಂಬ ವಿಸ್ತರಣೆಯಿರುವ ಟೆಂಪ್ಲೇಟುಗಳಿಗೆ ಜಿಂಜಾ ಇದನ್ನು ತಾನಾಗಿ ಮಾಡುತ್ತದೆ. ನಿಮ್ಮ ಪುಟ ಕೆಟ್ಟಿತೆಂದರೆ ಎಲ್ಲೋ ಈ ರಕ್ಷಣೆಯನ್ನು ತೆಗೆದುಹಾಕುವ ಸೇಫ್ ಎಂಬ ಫಿಲ್ಟರ್ ಹಾಕಿದ್ದೀರಿ, ಇಲ್ಲವೇ ಟೆಂಪ್ಲೇಟ್ ಬಿಟ್ಟು ಪೈಥಾನಿನಲ್ಲೇ ಎಚ್‌ಟಿಎಂಎಲ್ ಸಾಲುಗಳನ್ನು ಕೂಡಿಸಿದ್ದೀರಿ. ಎರಡನೆಯದೇ ಆಗಿದ್ದರೆ ಆ ಸಾಲುಗಳನ್ನು ಟೆಂಪ್ಲೇಟಿಗೆ ಸಾಗಿಸಿ. ಡೇಟಾಬೇಸಿನ ಕಡೆಯ ಅಪಾಯ, ಅಂದರೆ ಬರೆದ ಹೆಸರೇ ಡೇಟಾಬೇಸಿಗೆ ಆದೇಶವಾಗಿಬಿಡುವುದು, ಬೇರೆಯದು, ಅದಕ್ಕೆ ಮದ್ದೂ ಬೇರೆ. ಎಸ್‌ಕ್ಯೂಎಲ್ ವಾಕ್ಯದೊಳಗೆ ಹೆಸರನ್ನು ಅಂಟಿಸದೆ ಪ್ರಶ್ನಾರ್ಥಕ ಚಿಹ್ನೆಯಿಟ್ಟು, ಮೌಲ್ಯವನ್ನು ಪ್ರತ್ಯೇಕವಾಗಿ ಕೊಡಿ. ಈ ಎರಡು ಕೆಲಸಗಳನ್ನೂ ಮಾಡಿದ ಮೇಲೆ ಅದೇ ಟ್ಯಾಗನ್ನು ನೀವೇ ಹೆಸರಿನ ಜಾಗದಲ್ಲಿ ಬರೆದು ಉಳಿಸಿ ನೋಡಿ, ಪುಟದಲ್ಲಿ ಅದು ಬರಿಯ ಅಕ್ಷರಗಳಾಗಿ ಕಾಣಬೇಕು.